ತಪ್ಪು ಬೆಕ್ಕಿಗೆ ಮಾತ್ರೆ ಕೊಟ್ಟ ಆರು ವಾರ

ರೀಚೆಕ್‌ಗೆ ಬಂದ ಗುಂಡನನ್ನು ತಕ್ಕಡಿ ಮೇಲೆ ಕೂರಿಸಿದರೆ 4.6 ಕೆ.ಜಿ. ತೋರಿಸಿತು. ಆರು ವಾರದ ಹಿಂದೆ ಅದೇ ತಕ್ಕಡಿ 5.2 ತೋರಿಸಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವನ ಯಜಮಾನಿ ಫೋನನ್ನು ಮೇಜಿನ ಮೇಲಿಟ್ಟು, "ಡಾಕ್ಟ್ರೇ, ಮೊದಲು ಇದನ್ನ ನೋಡಿ" ಅಂದರು. ಹನ್ನೊಂದು ಸೆಕೆಂಡಿನ ವಿಡಿಯೊ. ಕಿಟಕಿ ಕೆಳಗಿನ ಗೋಡೆ. ಬೆಕ್ಕೊಂದು ಬಂದು ಮೂಸಿತು, ತಿರುಗಿತು, ಗೋಡೆಗೆ ಬೆನ್ನು ಹಾಕಿ ನಿಂತಿತು. ಬಾಲ ಕಂಬದ ಹಾಗೆ ನೆಟ್ಟಗೆ, ತುದಿಯಲ್ಲಿ ಸಣ್ಣ ನಡುಕ. ಹಿಂಗಾಲೆರಡೂ ಮಣ್ಣು ತುಳಿಯುವವರ ಹಾಗೆ ಒಂದಾದ ಮೇಲೊಂದು ಏಳುತ್ತಿವೆ. ಗೋಡೆ ಮೇಲೆ ಒಂದು ತೆಳ್ಳನೆಯ ಹೊಳಪು ಕಾಣಿಸಿತು, ಬೆಕ್ಕು ನಡೆದುಹೋಯಿತು.

ಬೆಕ್ಕು ಕಪ್ಪಗಿತ್ತು. ಗುಂಡ ಕೇಸರಿ ಬಣ್ಣದವನು.

ಅಂದರೆ ಆರು ವಾರ ಫ್ಲುಯಾಕ್ಸೆಟಿನ್ ಎಂಬ ಆತಂಕ ಇಳಿಸುವ ಮಾತ್ರೆ ನುಂಗಿದ್ದು ಗುಂಡ, ಗೋಡೆಗೆ ಸ್ಪ್ರೇ ಮಾಡುತ್ತಿದ್ದದ್ದು, ಅಂದರೆ ಗುರುತಿಗೆ ಮೂತ್ರ ಸಿಡಿಸುತ್ತಿದ್ದದ್ದು, ಅದೇ ಮನೆಯ ಕರಿಯ. ಇಬ್ಬರೂ ಕ್ಯಾಸ್ಟ್ರೇಷನ್ ಆದ, ಅಂದರೆ ವೃಷಣ ತೆಗೆಸಿದ, ಗಂಡುಗಳೇ.

ಆ ಕ್ಷಣಕ್ಕೆ ಸ್ಪ್ರೇ ವಿಚಾರ ಹಿಂದೆ ಸರಿದು ತೂಕ ಮುಂದೆ ಬಂತು. ಮೈತುಂಬಿದ ಬೆಕ್ಕು ಊಟ ಬಿಟ್ಟರೆ ಕೊಬ್ಬು ಕರಗಿ ಲಿವರ್‌ಗೆ ಬಂದು ಕೂರುತ್ತದೆ. ಗುಂಡ ಪೂರ್ತಿ ಬಿಟ್ಟಿರಲಿಲ್ಲ, "ಅರ್ಧಕ್ಕರ್ಧ ತಿಂತಾನೆ" ಅಂದರು. ಆ ಅರ್ಧ ಎಷ್ಟು ದಿನದಿಂದ ಎಂದು ಕೇಳಿದರೆ ಸರಿಯಾದ ಲೆಕ್ಕ ಅವರಲ್ಲೂ ಇರಲಿಲ್ಲ, ಎರಡನೇ ವಾರದಲ್ಲಿ ಒಂದು ಫೋನ್ ಮಾಡಿ ವಿಚಾರಿಸದ ನನ್ನಲ್ಲಂತೂ ಇರುವ ಮಾತೇ ಇಲ್ಲ. ಬಾಯಿ ತೆರೆಸಿ ಅಂಗುಳ ನೋಡಿದೆ, ಕಿವಿಯ ಒಳಮೈ ನೋಡಿದೆ. ಟ್ಯೂಬ್‌ಲೈಟಿನ ಬೆಳಕಲ್ಲಿ ಎಲ್ಲವೂ ಒಂಚೂರು ಹಳದಿಯಾಗಿಯೇ ಕಾಣುತ್ತದೆ. ರಕ್ತ ತೆಗೆದು ಸೆಂಟ್ರಿಫ್ಯೂಜಿಗೆ ಹಾಕಿ ಅದು ನಿಲ್ಲುವವರೆಗೆ ಅದರ ಮುಂದೆಯೇ ನಿಂತಿದ್ದೆ, ಅಲ್ಲಿ ನನಗೇನೂ ಕೆಲಸವಿಲ್ಲದಿದ್ದರೂ. ಟ್ಯೂಬ್ ಎತ್ತಿ ಕಿಟಕಿ ಬೆಳಕಿಗೆ ಹಿಡಿದೆ: ಮೇಲೆ ನಿಂತ ಸೀರಂ ತಿಳಿಯಾಗಿತ್ತು, ಅರಿಸಿನದ ಛಾಯೆ ಇಲ್ಲ. ಲಿವರ್ ಕೆಟ್ಟರೆ ಏರುವ ಬಿಲಿರುಬಿನ್, ಎಎಲ್‌ಪಿ ಲೆಕ್ಕ ಬರಲು ಇನ್ನೂ ಹತ್ತು ನಿಮಿಷ ಹಿಡಿಯಿತು, ಎರಡೂ ನಾರ್ಮಲ್. ಆಮೇಲೆ ಒಳಗೆ ಹೋಗಿ, "ತಪ್ಪು ನಂದೇ, ಬೆಕ್ಕನ್ನ ತಪ್ಪಾಗಿ ಗುರುತಿಸಿದ್ದೆ" ಅಂದೆ. ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎಲ್ಲಿ ಎಡವಿದ್ದು ಅಂದರೆ ಮೊದಲ ಭೇಟಿಯಲ್ಲೇ. ಗುಂಡ ದೊಡ್ಡವನು, ಟೇಬಲ್ ಮೇಲೆ ಬುಸುಗುಟ್ಟುವವನು, ಹಿಸ್ಟರಿಯಲ್ಲಿ "ಯಾವಾಗ ನೋಡಿದರೂ ಆ ಗೋಡೆ ಹತ್ತಿರವೇ ಮೂಸುತ್ತಾ ಬಾಯಿ ಅರ್ಧ ತೆರೆದು ನಿಂತಿರ್ತಾನೆ" ಅಂತ ಇತ್ತು. ಅದು ಫ್ಲೆಮೆನ್. ಇನ್ನೊಬ್ಬರ ವಾಸನೆಯನ್ನು ಅಂಗುಳದ ಅಂಗಕ್ಕೆ ಎಳೆದು ಓದುವ ಭಂಗಿ ಅದು. ಪತ್ರ ಓದುತ್ತಿದ್ದವನನ್ನೇ ಪತ್ರ ಬರೆದವನು ಅಂದುಕೊಂಡೆ. ಸಿಸ್ಟೊ ಮಾಡಿ, ಅಂದರೆ ಮೂತ್ರಕೋಶಕ್ಕೆ ಸೂಜಿ ಚುಚ್ಚಿ, ಸ್ಯಾಂಪಲ್ ತೆಗೆದೆ, ಯುಎಸ್‌ಜಿ (ಮೂತ್ರದ ಸಾಂದ್ರತೆ) 1.050, ಸೆಡಿಮೆಂಟ್ (ತಳದ ಗಸಿ) ಕ್ಲೀನ್. "ಮೆಡಿಕಲ್ ಅಲ್ಲ, ಬಿಹೇವಿಯರಲ್" ಎಂದು ಬರೆದು ಮುಗಿಸಿದೆ. ಕರಿಯ ಆ ದಿನ ಕ್ಲಿನಿಕ್ಕಿಗೆ ಬಂದಿರಲೇ ಇಲ್ಲ. ನಮ್ಮ ಸಾಫ್ಟ್‌ವೇರಿನಲ್ಲಿ ಒಂದು ಪ್ರಾಣಿಗೆ ಒಂದು ಫೈಲ್. ಒಂದೇ ಮನೆಯ ಎರಡು ಫೈಲನ್ನು ಪಕ್ಕಪಕ್ಕ ತೆರೆಯಲು ಬರುವುದಿಲ್ಲ. ಕಂಪ್ಲೇಂಟ್ ಡ್ರಾಪ್‌ಡೌನಿನಲ್ಲಿ ಸ್ಪ್ರೇ ಅಂತಲೂ ಇಲ್ಲ, "ಮೂತ್ರ – ಇತರೆ" ಅಂತ ಇದೆ. ಸ್ಲಾಟ್ ಹದಿನೈದು ನಿಮಿಷ. ಈ ಕೇಸಿನ ಹಿಸ್ಟರಿಗೇ ನಲವತ್ತು ನಿಮಿಷ ಬೇಕು ಎಂದು ಮೇಲಿನವರಿಗೆ ಮೂರು ಸಲ ಬರೆದಿದ್ದೇನೆ.

ಹಾಗಂತ ಮೂತ್ರ ಯಾವ ಬೆಕ್ಕಿನದೆಂದು ಬಣ್ಣದಿಂದ ಪತ್ತೆ ಮಾಡುವ ಡೈ ಟೆಸ್ಟ್ ಮಾಡದೆ ಮಾತ್ರೆ ಬರೆದಿರಲಿಲ್ಲ. ಮಾಡಿದ್ದೆ, ಕೆಟ್ಟದಾಗಿ. ಕಣ್ಣಿನ ಅಲ್ಸರ್ ನೋಡಲು ಇಟ್ಟ ಫ್ಲೋರೆಸೀನ್ ಸ್ಟ್ರಿಪ್ಪುಗಳಲ್ಲಿ ಆರರ ಕಿತ್ತಳೆ ತುದಿ ಕತ್ತರಿಸಿ ಖಾಲಿ ಜೆಲಟಿನ್ ಕ್ಯಾಪ್ಸೂಲಿಗೆ ತುಂಬಿ, ಅನುಮಾನದ ಬೆಕ್ಕಿಗೆ ನುಂಗಿಸಬೇಕು. ಹಿಂದೆಯೇ ಸಿರಿಂಜಿನಲ್ಲಿ 5 ಎಂ.ಎಲ್. ನೀರು ಕುಡಿಸಬೇಕು, ಒಣ ಕ್ಯಾಪ್ಸೂಲ್ ಬೆಕ್ಕಿನ ಅನ್ನನಾಳದಲ್ಲಿ ಸಿಕ್ಕಿಕೊಂಡು ಹುಣ್ಣು ಮಾಡುತ್ತದೆ. ಮುಂದಿನ ಸುಮಾರು 24 ಗಂಟೆ ಆ ಬೆಕ್ಕಿನ ಮೂತ್ರ ಯುವಿ ಟಾರ್ಚಿನ ಕೆಳಗೆ ಗಿಳಿಹಸಿರು ಹೊಳೆಯುತ್ತದೆ. ಸಿಕ್ಕದಿದ್ದರೆ ಎರಡು ದಿನ ಬಿಟ್ಟು ಇನ್ನೊಂದು ಬೆಕ್ಕಿಗೆ ಕೊಡಬೇಕು. ಮೂತ್ರ ತೀರಾ ಆಮ್ಲೀಯವಾಗಿದ್ದರೆ ಹೊಳಪು ಮಂಕಾಗುತ್ತದೆ, ಅದಕ್ಕೇ "ಹೊಳೆಯಲಿಲ್ಲ, ಹಾಗಾಗಿ ಇವನಲ್ಲ" ಎನ್ನುವ ತೀರ್ಪು ಗಟ್ಟಿಯಲ್ಲ. ತಿಳಿಬಣ್ಣದ ಬಟ್ಟೆ ಮೇಲೆ ಬಿದ್ದರೆ ಕಲೆ ಉಳಿಯಬಹುದು, ಮೊದಲೇ ಹೇಳಿಬಿಡಿ.

ನಾನು ಬಿಟ್ಟದ್ದು ಒಂದೇ ಹೆಜ್ಜೆ, ಬೇಸ್‌ಲೈನ್. ಡೈ ಇಲ್ಲದ ಬೆಕ್ಕಿನ ಮೂತ್ರವೂ ಯುವಿಯಲ್ಲಿ ಹೊಳೆಯುತ್ತದೆ, ಮಾಸಲು ಹಳದಿ-ಹಸಿರಾಗಿ. ಕ್ಯಾಪ್ಸೂಲ್ ಕೊಡುವ ಹಿಂದಿನ ರಾತ್ರಿ 365 ನ್ಯಾನೊಮೀಟರಿನ ಟಾರ್ಚ್ ಹಿಡಿದು ಮನೆಯೆಲ್ಲ ಸುತ್ತಿ, ಹೊಳೆದ ಪ್ರತಿ ಜಾಗಕ್ಕೂ ಸುತ್ತ ಚಾಕ್‌ಪೀಸ್ ಗೆರೆ ಎಳೆದು, ತೊಳೆದು, ಮತ್ತೆ ನೋಡಿದ ಮೇಲೆ ಶುರು ಮಾಡಬೇಕಿತ್ತು. ಆಗ ಗೆರೆಯಾಚೆಗೆ ಹೊಸದಾಗಿ ಬಂದದ್ದಷ್ಟೇ ಲೆಕ್ಕ. ನಾವು ನೇರ ಗುಂಡನಿಗೆ ಕ್ಯಾಪ್ಸೂಲ್ ಕೊಟ್ಟೆವು. ರಾತ್ರಿ ಆಕೆ ಟಾರ್ಚ್ ಹಾಕಿದರು, ಗೋಡೆ ಹೊಳೆಯಿತು, ವಾಟ್ಸಾಪಿನಲ್ಲಿ ಫೋಟೊ ಬಂತು. ಫೋನ್ ಕ್ಯಾಮೆರಾದಲ್ಲಿ ಮಾಸಲು ಹಸಿರೂ ಗಿಳಿಹಸಿರೂ ಒಂದೇ. ಎರಡು ಕೇಸಿನ ನಡುವೆ ಅದನ್ನು ನೋಡಿ "ಹೌದು, ಗುಂಡನೇ" ಎಂದು ಟೈಪ್ ಮಾಡಿದೆ. ಅವತ್ತು ಹೊಳೆದದ್ದು ಕರಿಯನ ಹಳೆಯ ಉಚ್ಚೆ.

ಈಗ ಡೈಗಿಂತ ಮೊದಲು ಕ್ಯಾಮೆರಾ ಕೇಳುತ್ತೇನೆ. ಹಳೆಯ ಫೋನೊಂದನ್ನು ಕಲೆಯ ಎದುರಿಗೆ ನೆಲಮಟ್ಟದಲ್ಲಿ ಮೂರು ರಾತ್ರಿ ಇಟ್ಟರೆ ಸಾಕು. ಯಾರು ಅನ್ನುವುದರ ಜೊತೆಗೆ ಹೇಗೆ ಅನ್ನುವುದೂ ಸಿಗುತ್ತದೆ. ನಿಂತು, ಬಾಲ ಎತ್ತಿ, ಲಂಬ ಮೇಲ್ಮೈಗೆ ಸ್ವಲ್ಪವೇ ಸಿಡಿಸಿದರೆ ಸ್ಪ್ರೇ. ಕುಕ್ಕರಗಾಲಲ್ಲಿ ಕೂತು ನೆಲದ ಮೇಲೆ ಕೊಳ ಮಾಡಿದರೆ ಅದು ಟ್ರೇ (ಬೆಕ್ಕಿನ ಕಕ್ಕಸಿನ ತಟ್ಟೆ) ಬಿಟ್ಟ ಸಮಸ್ಯೆ, ದಾರಿಯೇ ಬೇರೆ. ಪದೇ ಪದೇ ಕೂತು ತಿಣುಕಿ ಹನಿಯೂ ಬರದಿದ್ದರೆ ವಿಡಿಯೊ ಕಳಿಸುತ್ತಾ ಕೂರಬೇಡಿ, ತಕ್ಷಣ ಹೊತ್ತು ತನ್ನಿ. ಮೂತ್ರದ ದಾರಿ ಬ್ಲಾಕ್ ಆದ ಗಂಡು ಬೆಕ್ಕಿಗೆ ಮರುದಿನದವರೆಗೆ ಕಾಯುವ ಪುರುಸೊತ್ತು ಇರುವುದಿಲ್ಲ.

"ಆಪರೇಷನ್ ಆಗಿದೆಯಲ್ಲ, ಮತ್ಯಾಕೆ?" ಎಂದು ಎಲ್ಲರೂ ಕೇಳುತ್ತಾರೆ. ಕ್ಯಾಸ್ಟ್ರೇಷನ್ ಆದ ಗಂಡುಗಳಲ್ಲಿ ಸುಮಾರು ಶೇ. 10ರಷ್ಟು ಸ್ಪ್ರೇ ಮಾಡುತ್ತವೆ. ವೃಷಣ ಹೋದರೂ ಗುರುತು ಹಾಕುವ ಅಭ್ಯಾಸಕ್ಕೆ ಬೇಕಾದ ಮಿದುಳು ಇದ್ದಲ್ಲೇ ಇರುತ್ತದೆ. ಹಾರ್ಮೋನ್ ಇಳಿದಾಗ ವಾಸನೆಯ ಘಾಟು ಕಡಿಮೆಯಾಗುತ್ತದೆ, ಒತ್ತಡ ಬಂದಾಗ ಗೋಡೆ ನೆನಪಾಗುವುದು ನಿಲ್ಲುವುದಿಲ್ಲ. ಆದರೂ "ಆಗಿದೆ" ಎಂಬ ಟಿಕ್ ಮಾರ್ಕನ್ನು ನಂಬದೆ ಶಿಶ್ನದ ತುದಿ ನೋಡಬೇಕು. ಟೆಸ್ಟೊಸ್ಟೆರಾನ್ ಇರುವ ಗಂಡಿಗೆ ಅಲ್ಲಿ ಬೆಕ್ಕಿನ ನಾಲಿಗೆಯಂಥ ಹಿಮ್ಮುಖ ಮುಳ್ಳುಗಳಿರುತ್ತವೆ, ಕ್ಯಾಸ್ಟ್ರೇಷನ್ ಆದ ಸುಮಾರು ಆರು ವಾರಕ್ಕೆ ಉದುರಿ ನುಣುಪಾಗುತ್ತದೆ. ಮುಳ್ಳಿದ್ದರೆ ಹೊಟ್ಟೆಯಲ್ಲೆಲ್ಲೋ ಇಳಿಯದ ವೃಷಣ ಉಳಿದಿರಬಹುದು, ಅಥವಾ ಮನೆಯಲ್ಲಿ ಯಾರೋ ಟೆಸ್ಟೊಸ್ಟೆರಾನ್ ಜೆಲ್ ಹಚ್ಚಿಕೊಂಡ ಕೈಯಲ್ಲೇ ಬೆಕ್ಕನ್ನು ಸವರುತ್ತಿರಬಹುದು. ಎರಡನೆಯದನ್ನು ಕೇಳಲು ಮುಜುಗರವಾಗುತ್ತದೆ, ಆದರೂ ಕೇಳಬೇಕು. ಕರಿಯನದು ನುಣುಪಾಗಿತ್ತು. ಮೂತ್ರವೂ ಕ್ಲೀನ್.

ಆಮೇಲೆ ಮನೆಯ ನಕ್ಷೆ ಬರೆಸಿದೆ. ಕೋಣೆಗಳು, ಕಿಟಕಿ, ಬಾಗಿಲು, ಟ್ರೇ, ನೀರು, ಊಟದ ಬಟ್ಟಲು, ಪ್ರತಿ ಕಲೆಗೂ ಒಂದು ಕೆಂಪು ಚುಕ್ಕೆ. ಒಂಬತ್ತು ಚುಕ್ಕೆಯಲ್ಲಿ ಏಳು ಒಂದೇ ಕಿಟಕಿ ಮತ್ತು ಅದರ ಪಕ್ಕದ ಹಿತ್ತಲ ಬಾಗಿಲಿನ ಸುತ್ತ. ಚುಕ್ಕೆ ಹೀಗೆ ಹೊರಗೋಡೆಗೆ ಮುತ್ತಿಕೊಂಡರೆ ತೊಂದರೆ ಹೊರಗಿನ ಬೆಕ್ಕಿಂದ. ಮನೆಯ ನಡುವಿನ ಓಡಾಟದ ದಾರಿಯಲ್ಲಿ, ಬಾಗಿಲ ಚೌಕಟ್ಟಿನಲ್ಲಿ ಇದ್ದರೆ ಒಳಗಿನ ಬೆಕ್ಕುಗಳ ಜಗಳ. ಬ್ಯಾಗು, ಶೂ, ಹೊಸ ಸಾಮಾನಿನ ಮೇಲಿದ್ದರೆ ಹೊಸ ವಾಸನೆ. ಇಲ್ಲಿ ಹೊರಗೆ ಬೀದಿ ಬೆಕ್ಕೊಂದು ಬಂದು ಕೂರುತ್ತಿತ್ತು, ಆಕೆಯೇ ಅದಕ್ಕೆ ಕಿಟಕಿ ಕೆಳಗೆ ಊಟ ಇಡುತ್ತಿದ್ದರು. ಮೊದಲ ದಿನ ಇದನ್ನು ಕೇಳಿದ್ದರೆ ಅರ್ಧ ನಿಮಿಷದ ಪ್ರಶ್ನೆ.

ಊಟದ ಜಾಗವನ್ನು ಮನೆಯ ಇನ್ನೊಂದು ಬದಿಗೆ, ಕಣ್ಣಿಗೆ ಬೀಳದ ಕಡೆ ಹಾಕಿಸಿದೆವು. ಕಿಟಕಿ ಗಾಜಿಗೆ ಕೆಳಗಿನಿಂದ, ಕರಿಯ ಕಿಟಕಿಕಟ್ಟೆ ಮೇಲೆ ಕೂತರೂ ಹೊರಗೆ ಕಾಣದಷ್ಟು ಎತ್ತರಕ್ಕೆ, ಬೆಳಕು ಬಿಡುವ ಮಸುಕು ಫಿಲ್ಮ್. ಬದಲಿಗೆ ಇನ್ನೊಂದು ಕೋಣೆಯಲ್ಲಿ ಎತ್ತರದ ಕೂರುವ ಜಾಗ. ಟ್ರೇ ಎರಡಿದ್ದವು, ಬಚ್ಚಲಲ್ಲಿ ಅಕ್ಕಪಕ್ಕ, ಮುಚ್ಚಳ ಹಾಕಿ. ಅಕ್ಕಪಕ್ಕ ಇಟ್ಟ ಎರಡು ಟ್ರೇ ಬೆಕ್ಕಿನ ಲೆಕ್ಕದಲ್ಲಿ ಒಂದೇ: ಬಾಗಿಲಲ್ಲಿ ಗುಂಡ ಮಲಗಿದರೆ ಎರಡೂ ಬಂದ್. ಬೆಕ್ಕಿಗೊಂದು, ಮೇಲೊಂದು ಎಂಬ ಲೆಕ್ಕದಲ್ಲಿ ಮೂರು ಮಾಡಿ, ಮೂರು ಬೇರೆ ಕೋಣೆಗಳಲ್ಲಿ ಇಡಿಸಿದೆವು. ಉದ್ದ ಮೂಗಿನಿಂದ ಬಾಲದ ಬುಡದವರೆಗಿನ ಅಳತೆಯ ಒಂದೂವರೆ ಪಟ್ಟು, ವಾಸನೆ ಹಾಕದ ಸಣ್ಣ ಕಾಳಿನ ಲಿಟರ್ ಮೂರು-ನಾಲ್ಕು ಸೆಂಟಿಮೀಟರ್, ದಿನಕ್ಕೆ ಎರಡು ಸಲ ಗಂಟು ತೆಗೆಯುವುದು.

ತೊಳೆಯುವುದರಲ್ಲೇ ಹೆಚ್ಚಿನವರು ಸೋಲುವುದು. ಫಿನಾಯಿಲ್ ಬೇಡವೇ ಬೇಡ, ಅದರ ಫೀನಾಲ್ ಬೆಕ್ಕಿಗೆ ವಿಷ. ಬ್ಲೀಚ್ ಉಚ್ಚೆಯ ಅಮೋನಿಯ ಜೊತೆ ಸೇರಿ ಕ್ಲೋರಮೀನ್ ಅನಿಲವಾಗುತ್ತದೆ. ಅಮೋನಿಯ ಇರುವ ಕ್ಲೀನರ್ ಬೆಕ್ಕಿಗೆ ಇನ್ನೊಂದು ಉಚ್ಚೆಯಂತೆಯೇ ತೋರುತ್ತದೆ. ಪಕ್ಕದಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ಮೊದಲು ಮೇನ್ ಆಫ್ ಮಾಡಿ, ಸ್ಪ್ರೇ ಸಾಕೆಟ್ಟಿನೊಳಕ್ಕೂ ಹೋಗಿರುತ್ತದೆ. ಒದ್ದೆಯಿದ್ದರೆ ಒತ್ತಿ ಹೀರಿಸಿ, ಉಜ್ಜಬೇಡಿ. ಕಿಣ್ವವಿರುವ ಬಟ್ಟೆ ಸೋಪಿನ ಪುಡಿಯನ್ನು ಉಗುರು ಬೆಚ್ಚಗಿನ ನೀರಲ್ಲಿ ಸುಮಾರು ಶೇ. 10 ದ್ರಾವಣ ಮಾಡಿ, ಕಲೆ ಕಾಣುವ ಜಾಗದ ಆಚೆಗೂ ಒಂದು ಗೇಣು ಹಚ್ಚಿ, ಹದಿನೈದು ನಿಮಿಷವಾದರೂ ಒದ್ದೆಯಾಗಿಯೇ ಇರಲಿ. ನೀರು ಕುದಿಯುವಷ್ಟಿದ್ದರೆ ಕಿಣ್ವ ಸತ್ತುಹೋಗುತ್ತದೆ, ಹಿಂದೆ ಹಾಕಿದ ಸೋಂಕುನಾಶಕದ ಪದರ ಉಳಿದಿದ್ದರೂ ಅಷ್ಟೇ. ತಣ್ಣೀರಲ್ಲಿ ಒರೆಸಿ, ಒಣಗಿದ ಮೇಲೆ ಸರ್ಜಿಕಲ್ ಸ್ಪಿರಿಟ್ ಸವರಿ, ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ಹತ್ತಿರ ಬೆಂಕಿ ಇಲ್ಲದಂತೆ ನೋಡಿಕೊಂಡು. ಕಲೆ ಒಂದು ಅಡಿ ಎತ್ತರದಲ್ಲಿ ಕಂಡರೂ ಉಚ್ಚೆ ಇಳಿದು ಗೋಡೆ ಬುಡದ ಸ್ಕರ್ಟಿಂಗಿನ ಸಂದಿಯಲ್ಲಿ ನಿಂತಿರುತ್ತದೆ. ಮೂಗಿಗೆ ಬರುವ ನಾತ ಅಲ್ಲಿಂದಲೇ. ಎರಡು ದಿನ ಬಿಟ್ಟು ರಾತ್ರಿ ಟಾರ್ಚ್ ಹಾಕಿ ನೋಡಿ, ಹೊಳೆದರೆ ಮತ್ತೆ.

ಬೆಕ್ಕನ್ನು ಶಾಂತಗೊಳಿಸುವ ಗಂಧ ಹರಡುವ, ಪ್ಲಗ್ಗಿಗೆ ಸಿಕ್ಕಿಸುವ ಫೆರೊಮೋನ್ ಡಿಫ್ಯೂಸರ್ ಕಿಟಕಿ ಇರುವ ಕೋಣೆಗೆ ಒಂದು. 50ರಿಂದ 70 ಚದರ ಮೀಟರ್ ತಲುಪುತ್ತದೆ, ಬಾಟಲಿ 30 ದಿನ. ಪರದೆ ಹಿಂದೆ, ಸೋಫಾ ಅಡಿ ಸಿಕ್ಕಿಸಿದರೆ ದುಡ್ಡು ದಂಡ. ಇದೊಂದರಿಂದಲೇ ನಿಂತ ಕೇಸು ನಾನು ಹೆಚ್ಚು ನೋಡಿಲ್ಲ, ಉಳಿದದ್ದರ ಜೊತೆ ಇರಲಿ. ಬೆಕ್ಕು ಕೆನ್ನೆ ಉಜ್ಜುವ ಮೂಲೆಗಳನ್ನು ಮಾತ್ರ ತೊಳೆಯಬೇಡಿ. ಬೈಯುವುದು, ಮೂಗು ತಿಕ್ಕುವುದು ಒತ್ತಡವನ್ನೇ ಹೆಚ್ಚಿಸುತ್ತದೆ, ಸ್ಪ್ರೇಯನ್ನೂ.

ಗುಂಡನಿಗಾದದ್ದು ಫ್ಲುಯಾಕ್ಸೆಟಿನ್ನಿನ ತಪ್ಪಲ್ಲ. ಸರಿಯಾದ ಬೆಕ್ಕಿಗೆ, ಮನೆ ಸರಿಪಡಿಸಿದ ಮೇಲೂ ನಿಲ್ಲದಿದ್ದಾಗ, ಅದು ಒಳ್ಳೆಯ ಔಷಧಿ. ಕೆ.ಜಿ.ಗೆ 0.5ರಿಂದ 1 ಮಿ.ಗ್ರಾಂ, ದಿನಕ್ಕೊಂದು ಸಲ, ನಾಲ್ಕರಿಂದ ಎಂಟು ವಾರ ಕಾಯಬೇಕು. ನಾನು ಕೆಳಗಿನ ತುದಿಯಿಂದ ಶುರು ಮಾಡದೆ 5 ಮಿ.ಗ್ರಾಂ ಬರೆದದ್ದಕ್ಕೆ ಕಾರಣ, "10ರ ಮಾತ್ರೆಯಲ್ಲಿ ಅರ್ಧ" ಎಂದು ಹೇಳುವುದು ಸುಲಭ ಅಂತ. ಹಸಿವು ಇಳಿಯುವುದು ಇದರ ಮಾಮೂಲಿ ಅಡ್ಡಪರಿಣಾಮ. ಮೊದಲ ತಿಂಗಳು ವಾರಕ್ಕೊಮ್ಮೆ ತೂಕ ನೋಡಬೇಕು, ಒಂದು ದಿನ ಪೂರ್ತಿ ಊಟ ಬಿಟ್ಟರೆ ಫೋನ್ ಮಾಡಬೇಕು ಎಂದು ಈಗ ಚೀಟಿಯಲ್ಲೇ ಬರೆಯುತ್ತೇನೆ. ಕಿವಿಗೆ ಹಚ್ಚುವ ಜೆಲ್ ಕೇಳುವವರಿದ್ದಾರೆ, ಚರ್ಮದಿಂದ ಅದು ಸರಿಯಾಗಿ ಹೀರುವುದಿಲ್ಲ. ಗುಂಡನ ಡೋಸನ್ನು ಇಳಿಸಿ ನಿಲ್ಲಿಸಿದೆವು, ತಿಂಗಳಲ್ಲಿ 5 ಕೆ.ಜಿ. ದಾಟಿದ. ಕರಿಯನಿಗೆ ಮಾತ್ರೆ ಬೇಕಾಗಲಿಲ್ಲ: ವಾರಕ್ಕೆ ಒಂಬತ್ತು ಇದ್ದ ಚುಕ್ಕೆ ಐದನೇ ವಾರಕ್ಕೆ ಎರಡು, ಎಂಟನೆಯದಕ್ಕೆ ಸೊನ್ನೆ. ಆಮೇಲೆ ಫಿಲ್ಮಿನ ಒಂದು ಮೂಲೆ ಕಿತ್ತುಬಂದಾಗ ಮತ್ತೆ ಒಂದು.

ಸಾಫ್ಟ್‌ವೇರ್ ಇನ್ನೂ ಹಾಗೇ ಇದೆ. ಫೈಲ್ ತೆರೆದ ಕೂಡಲೇ ತಾನಾಗಿ ಪಾಪ್‌ಅಪ್ ಆಗುವ ಕಾಲಂ ಅಲರ್ಜಿಯದೊಂದೇ. ಹಾಗಾಗಿ ಅಲ್ಲೇ ಬರೆಯುತ್ತಿದ್ದೇನೆ: "ಮನೆಯಲ್ಲಿ ಇನ್ನೊಂದು ಬೆಕ್ಕಿದೆ." ಹೋದ ವಾರ ರಜೆಗೆ ಬದಲಿಯಾಗಿ ಬಂದ ಡಾಕ್ಟರು ಫೋನ್ ಮಾಡಿ, ಗುಂಡನಿಗೆ ಬೆಕ್ಕು ಅಂದ್ರೆ ಅಲರ್ಜಿನಾ ಸಾರ್ ಎಂದು ಕೇಳಿದರು.