ಡಬ್ಬಿ ಹುಡುಕ್ತಾ ಲಂಡನ್ನಿನ ಚರ್ಚ್‌ಗಳ ಹಿತ್ತಲಿಗೆ

ಜಿಯೋಕ್ಯಾಶಿಂಗ್ ಗೊತ್ತಿಲ್ದೋರಿಗೆ, ಇದು ಜಿಪಿಎಸ್ ಹಿಡ್ಕೊಂಡು ಆಡೋ ನಿಧಿ ಹುಡುಕಾಟ. 2000ನೇ ಇಸವಿ ಮೇನಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಿಗ್ನಲ್ಲನ್ನ ಬೇಕಂತಲೇ ಕೆಡಿಸಿ ಕೊಡೋದನ್ನ ನಿಲ್ಲಿಸಿದ್ದೇ ತಡ, ಮಾರನೇ ದಿನವೇ ಆರೆಗಾನ್‌ನಲ್ಲಿ ಒಬ್ಬಾತ ಬಕೆಟ್ ಒಂದನ್ನ ಬಚ್ಚಿಟ್ಟು ಇಂಟರ್ನೆಟ್‌ನಲ್ಲಿ ಲೊಕೇಶನ್ ಹಾಕ್ದ, ಅಲ್ಲಿಂದ ಶುರು. ನಿಧಿ ಅಂದ್ರೆ ಚಿನ್ನ ಗಿನ್ನ ಏನಿಲ್ಲ, ಪುಟ್ಟ ಡಬ್ಬಿ, ಒಳಗೊಂದು ಚೀಟಿ, ಹೆಸರು ಬರ್ದು ಇದ್ದಲ್ಲೇ ಇಡೋದು ಅಷ್ಟೇ.

ಬ್ರಿಟನ್‌ನಲ್ಲಿ ಚರ್ಚ್ ಮೈಕ್ರೋ ಅಂತ ಇದರದ್ದೇ ಒಂದು ಸೀರೀಸ್ ಇದೆ, ಊರೂರಿನ ಚರ್ಚ್ ಪಕ್ಕ ಒಂದೊಂದು ಡಬ್ಬಿ. ಆದ್ರೆ ನಂಗೆ ಹುಚ್ಚು ಹಿಡಿದಿದ್ದು ಲಂಡನ್ನಿನ ಹಳೇ ಸಿಟಿ ಭಾಗದಲ್ಲಿ. ಅಲ್ಲಿ ಬ್ಯಾಂಕು, ಕ್ಯಾಮೆರಾ, ಸೆಕ್ಯುರಿಟಿಯವರ ಮಧ್ಯೆ ಗೋಡೆ ಸಂದಿಗೆ ಕೈ ಹಾಕೋಕೆ ಮುಜುಗರ, ಅದಕ್ಕೇ ಫಲಕದಲ್ಲಿರೋ ಇಸವಿ ನೋಡು, ಕಿಟಕಿ ಎಣಿಸು, ಆ ನಂಬರ್ ಕೂಡಿಸಿ ಮುಂದಿನ ಜಾಗ ಕಂಡುಹಿಡಿ ಅನ್ನೋ ಥರದ ಆಟ ಚೆನ್ನಾಗಿ ಒಗ್ಗುತ್ತೆ. ಕಿಟಕಿ ಎಣಿಸ್ಬೇಕಂದ್ರೆ ಹಿಂದಿನ ಗಲ್ಲಿಗೂ ಹೋಗ್ಲೇಬೇಕಲ್ಲ, ಟೂರಿಸ್ಟ್‌ಗಳು ಹೋಗದೇ ಇರೋದು ಅಲ್ಲಿಗೇ.

1666ರಲ್ಲಿ ಲಂಡನ್ ಸುಟ್ಟ ದೊಡ್ಡ ಬೆಂಕಿಲಿ 87 ಚರ್ಚ್ ಸುಟ್ಟೋದ್ವು, ವಾಸ್ತುಶಿಲ್ಪಿ ಕ್ರಿಸ್ಟಫರ್ ರೆನ್ ಆಫೀಸಿನವರು 51 ವಾಪಸ್ ಕಟ್ಟಿದ್ರು. ಜಾಗ ಇಕ್ಕಟ್ಟು, ಸೊಟ್ಟ, ಮೂರು ಕಡೆ ಮನೆ ಒತ್ಕೊಂಡಿದ್ವು, ಕಾಣದೇ ಇರೋ ಗೋಡೆಗೆ ಯಾಕೆ ದುಡ್ಡು ಸುರಿಯೋದು ಅಂತ ಅದನ್ನ ಸಾದಾ ಬಿಟ್ಟು, ಮನೆಗಳ ಸೂರಿನ ಮೇಲೆ ಎದ್ದು ಕಾಣೋ ಗೋಪುರದ ತುದಿಲಿ ಕೈಚಳಕ ತೋರಿಸಿದ್ರು. ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ನೋಡಿ, ಹೊರಗಡೆ ಒರಟು ಗೋಡೆ, ಏನಪ್ಪಾ ಇದು ಅನ್ಸುತ್ತೆ, ಮೆಟ್ಲು ಹತ್ತಿ ಒಳಗೆ ಹೋದ್ರೆ ಎಂಟು ಕಮಾನಿನ ಮೇಲೆ ಕೂತ ಬೆಳ್ಳನೆ ಗುಮ್ಮಟ, ರೆನ್‌ನದ್ದೇ ದೊಡ್ಡ ಚರ್ಚ್ ಸೇಂಟ್ ಪಾಲ್ಸ್‌ನ ಗುಮ್ಮಟಕ್ಕಿಂತ ಮೊದ್ಲೇ ಕಟ್ಟಿದ್ದು. ಕೆಳಗೆ ಮಧ್ಯದಲ್ಲಿ ಶಿಲ್ಪಿ ಹೆನ್ರಿ ಮೂರ್ ಕೆತ್ತಿದ ದುಂಡನೆ ಕಲ್ಲಿನ ಆಲ್ಟರ್, ಅಂದ್ರೆ ಪೂಜೆಯ ಪೀಠ, ಇದು ಆಲ್ಟರೇ ಅಲ್ಲ ಅಂತ ಜಗಳ ಚರ್ಚಿನ ಕೋರ್ಟ್ ತನಕ ಹೋಗಿ 1987ರಲ್ಲಿ ಬಗೆಹರೀತು. ನಂಗಂತೂ ಅದು ಇಲ್ಲದೇ ಆ ಜಾಗ ಊಹಿಸ್ಕೊಳೋಕೇ ಆಗಲ್ಲ. ಮೂಲೇಲಿ ಗಾಜಿನ ಪೆಟ್ಟಿಗೇಲಿ ಒಂದು ಹಳೇ ಕಪ್ಪು ಫೋನ್ ಇದೆ, ಸಾಯ್ಬೇಕು ಅನ್ಸಿದೋರು ಮಾತಾಡ್ಲಿ ಅಂತ ಇಲ್ಲಿನ ಪಾದ್ರಿ ಚಾಡ್ ವಾರಾ 1953ರಲ್ಲಿ ಶುರು ಮಾಡಿದ ಸಮಾರಿಟನ್ಸ್ ಅನ್ನೋ ಸಹಾಯವಾಣಿದು.

ಸೇಂಟ್ ಮ್ಯಾಗ್ನಸ್ ಮಾರ್ಟರ್ ಇನ್ನೊಂದು ಮಜಾ. ಹಳೇ ಲಂಡನ್ ಬ್ರಿಡ್ಜಿಗೆ ನಡ್ಕೊಂಡು ಹೋಗೋರು ಅದರ ಗೋಪುರದ ಬುಡದಲ್ಲೇ ತೂರಿ ಹೋಗ್ತಿದ್ರು, ನಮ್ಮ ದೇವಸ್ಥಾನದಲ್ಲಿ ಗೋಪುರದ ಕೆಳಗೆ ದಾಟ್ತೀವಲ್ಲ ಹಾಗೆ. 1831ರಲ್ಲಿ ಹೊಸ ಬ್ರಿಡ್ಜ್ ಪಕ್ಕದಲ್ಲಿ ಬಂತು, ದಾರಿ ಮಾತ್ರ ಎಲ್ಲಿಗೂ ಹೋಗದೆ ಅಲ್ಲೇ ಉಳೀತು. ಸೇಂಟ್ ಓಲೇವ್ ಬೆಂಕಿಗೆ ಸಿಗದೇ ಉಳ್ಕೊಂಡಿದ್ದು, ಗೇಟ್ ಮೇಲೆ ಕಲ್ಲಿನ ತಲೆಬುರುಡೆಗಳು, 1658 ಅಂತ ಇಸವಿ.

ಹೋಗೋರು ವಾರದ ಮಧ್ಯೆ ಊಟದ ಟೈಮಿಗೆ ಹೋಗಿ. ಶನಿವಾರ ಆ ಕಡೆ ಮುಕ್ಕಾಲು ಬಾಗ್ಲು ಮುಚ್ಚಿರುತ್ತೆ, ಹೊರಗಿನ ಕಿಟಕಿ ಎಣಿಸ್ಕೊಂಡು ಬರ್ಬೇಕಷ್ಟೆ. ಮತ್ತೆ ಪೆನ್ ತಗೊಂಡೋಗಿ, ಡಬ್ಬೀಲಿ ಇರಲ್ಲ.