ಯಾವ ಸರಣಿಯಿಂದ ಶುರು ಮಾಡಲಿ?

“ಫ್ಯಾಂಟಸಿ ಓದಬೇಕು ಅನ್ನಿಸುತ್ತಿದೆ ಮೇಡಂ, ಯಾವ ಸರಣಿಯಿಂದ ಶುರು ಮಾಡಲಿ?” ಚಿಕ್ಕಬಳ್ಳಾಪುರದಂಥ ಊರಿನಲ್ಲಿ ಇದನ್ನೆಲ್ಲ ಯಾರು ಕೇಳುತ್ತಾರೆ ಎನ್ನಬೇಡಿ. ಕಾಲೇಜಿನ ಹುಡುಗರು ಕೇಳುತ್ತಾರೆ, ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವ ಸಾಫ್ಟ್‌ವೇರ್ ಮಂದಿ ಕೇಳುತ್ತಾರೆ, ಶಿಡ್ಲಘಟ್ಟದಲ್ಲಿ ರೇಷ್ಮೆ ವ್ಯಾಪಾರ ಮಾಡುವ ನನ್ನ ಚಿಕ್ಕಪ್ಪನ ಮಗನೂ ಕೇಳಿದ್ದಾನೆ. ಅವರಿಗೆಲ್ಲ ಬೇಕಾಗಿರುವುದು ಒಂದು ಹೆಸರು. ನಾನು ಕೊಡುವುದು ಭಾಷಣ. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆ ಇದನ್ನು ಕಳುಹಿಸಿದರಾಯಿತು.

ಅವಸರದವರಿಗೆ ಹೆಸರು ಮೊದಲೇ ಹೇಳಿಬಿಡುತ್ತೇನೆ: ಉರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ ಸರಣಿ. ಮೊದಲ ಪುಸ್ತಕ ‘ಎ ವಿಜಾರ್ಡ್ ಆಫ್ ಅರ್ಥ್‌ಸೀ’, 1968ರದು, ತೆಳ್ಳಗಿನ ಪುಸ್ತಕ. ಇಷ್ಟು ಸಾಕು ಎನ್ನುವವರು ಇಲ್ಲಿಂದಲೇ ಪುಸ್ತಕದ ಅಂಗಡಿಗೆ ಹೊರಡಬಹುದು.

ಇನ್ನು ಕಾರಣ. ಸರಣಿ ಆರಿಸುವಾಗ ನಾನು ನೋಡುವುದು ಒಂದನ್ನೇ: ಆ ಲೋಕದಲ್ಲಿ ಮಂತ್ರ ಹಾಕಿದವನು ಅದಕ್ಕೆ ಏನು ತೆರುತ್ತಾನೆ? ಲೋಕದ ನಕ್ಷೆ ಎಷ್ಟು ದೊಡ್ಡದು, ರಾಜವಂಶಗಳು ಎಷ್ಟು, ಡ್ರ್ಯಾಗನ್‌ಗಳು ಎಷ್ಟು ಎಂಬುದೆಲ್ಲ ಆಮೇಲಿನ ಮಾತು. ಹರಿಕಥೆ, ಬುರ್ರಕಥೆ ಕೇಳಿ ಬೆಳೆದ ನಮಗೆ ಈ ಪ್ರಶ್ನೆಯನ್ನು ಯಾರೂ ಕಲಿಸಬೇಕಾಗಿಲ್ಲ. ಹಿರಣ್ಯಕಶಿಪು ಬೇಡಿದ ವರದಲ್ಲೇ ಹೊಸ್ತಿಲಿನಷ್ಟು ಸಂದಿ ಉಳಿದಿತ್ತು. ಕರ್ಣ ಸುಳ್ಳು ಹೇಳಿ ಕಲಿತ ಅಸ್ತ್ರ ಬೇಕಾದ ಹೊತ್ತಿಗೆ ನೆನಪಿಗೆ ಬರಲಿಲ್ಲ. ಭಸ್ಮಾಸುರನ ಗತಿ ಮಕ್ಕಳಿಗೂ ಗೊತ್ತು. ಇಂಥ ಕಥೆಗಳನ್ನು ಕೇಳಿಕೊಂಡೇ ದೊಡ್ಡವರಾದವರಿಗೆ, ಕೋಲು ಬೀಸಿದ ಕೂಡಲೇ ಎಲ್ಲವೂ ಸರಿಹೋಗುವ ಪುಸ್ತಕ ಕೊಟ್ಟರೆ ಅರ್ಧಕ್ಕೇ ಮುಚ್ಚಿಡುತ್ತಾರೆ. ಆಮೇಲೆ “ಫ್ಯಾಂಟಸಿ ನನಗೆ ಹಿಡಿಸುವುದಿಲ್ಲ” ಎನ್ನುತ್ತಾರೆ. ಹಿಡಿಸದೇ ಇದ್ದದ್ದು ಆ ಒಂದು ಪುಸ್ತಕ, ಅಷ್ಟೇ.

ಅರ್ಥ್‌ಸೀ ಎಂಬುದು ದ್ವೀಪಗಳ ಲೋಕ. ನಾಯಕ ಗೆಡ್, ಗಾಂಟ್ ಎಂಬ ಗುಡ್ಡಗಾಡು ದ್ವೀಪದಲ್ಲಿ ಆಡು ಕಾಯುವ ಹುಡುಗ; ಕಂದು ಮೈಬಣ್ಣದವನು. ಆಡುಗಳನ್ನು ಕರೆಯುವ ಮಾತೊಂದನ್ನು ಸೋದರತ್ತೆಯ ಬಾಯಿಂದ ಕೇಳಿ ಕಲಿಯುವುದರಿಂದ ಅವನ ವಿದ್ಯಾಭ್ಯಾಸ ಶುರುವಾಗುತ್ತದೆ. ಮುಂದೆ ಒಗಿಯನ್ ಎಂಬ ಮಾಂತ್ರಿಕ ಅವನನ್ನು ಶಿಷ್ಯನನ್ನಾಗಿ ಮಾಡಿಕೊಳ್ಳುತ್ತಾನೆ. ಗುರುಶಿಷ್ಯರು ಕಾಡಿನಲ್ಲಿ ನಡೆದುಹೋಗುವಾಗ ಮಳೆ ಬರುತ್ತದೆ. ಮಳೆಯನ್ನು ಬೇರೆ ಕಡೆಗೆ ತಳ್ಳುವುದು ಸಣ್ಣಪುಟ್ಟ ಮಂತ್ರಗಾರರಿಗೂ ಗೊತ್ತಿರುವ ವಿದ್ಯೆ. ಭೂಕಂಪವನ್ನೇ ತಡೆದವನು ಎಂದು ಹೆಸರಾದ ಒಗಿಯನ್ ಮಾತ್ರ ತೆಪ್ಪಗೆ ಒಂದು ಮರದ ಕೆಳಗೆ ಮಲಗುತ್ತಾನೆ. ಹುಡುಗ ಒದ್ದೆಯಾಗಿ, ಸಿಟ್ಟಾಗಿ, ಶಕ್ತಿಯಿದ್ದೂ ಬಳಸದವನ ಬಳಿ ಏನು ಕಲಿಯುವುದು ಎಂದು ಒಳಗೊಳಗೇ ಕುದಿಯುತ್ತಾನೆ.

ಮುಂದೆ ರೋಕ್ ದ್ವೀಪದ ಮಾಂತ್ರಿಕರ ಶಾಲೆಯಲ್ಲಿ ಗುರುವೊಬ್ಬ ಅದೇ ವಿಷಯ ಎತ್ತುತ್ತಾನೆ: ಇಲ್ಲಿ ಮಳೆ ಸುರಿಸಿದರೆ ಇನ್ನೆಲ್ಲೋ ಒಂದು ದ್ವೀಪಕ್ಕೆ ಬರ ಬರಬಹುದು. ಈ ಮಾತನ್ನು ನಮ್ಮ ಜಿಲ್ಲೆಗಳ ಓದುಗರು ಓದುವಷ್ಟು ಚೆನ್ನಾಗಿ ಇಂಗ್ಲೆಂಡಿನವರು ಓದಲಾರರು ಎಂಬುದು ನನ್ನ ಗಟ್ಟಿ ನಂಬಿಕೆ. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿದರೂ ಧೂಳು ಬರುವ ಊರುಗಳಿವೆ. ಸಕಲೇಶಪುರದ ಕಡೆ ಸುರಿಯುವ ಮಳೆಯ ನೀರನ್ನು ಮೇಲೆತ್ತಿ ಇಲ್ಲಿಗೆ ತರುವ ಎತ್ತಿನಹೊಳೆ ಯೋಜನೆಗಾಗಿ ನಾವು ಎಷ್ಟೋ ವರ್ಷಗಳಿಂದ ಕಾಯುತ್ತಿದ್ದೇವೆ. ನೇತ್ರಾವತಿ ಬತ್ತಿಹೋಗುತ್ತದೆ ಎಂದು ದಕ್ಷಿಣ ಕನ್ನಡದವರು ಅಷ್ಟೇ ವರ್ಷಗಳಿಂದ ವಿರೋಧಿಸುತ್ತಿದ್ದಾರೆ. ಒಂದು ಕಡೆಯ ಮಳೆಯನ್ನು ಇನ್ನೊಂದು ಕಡೆಗೆ ಒಯ್ಯುವ ಅಧಿಕಾರ ಯಾರಿಗಿದೆ? ನನಗೆ ಉತ್ತರ ಗೊತ್ತಿಲ್ಲ, ನನಗೂ ನೀರು ಬೇಕು. ಆದರೆ ಆಡು ಕಾಯುವ ಹುಡುಗನ ಕಥೆಯೊಳಗೆ ಈ ಪ್ರಶ್ನೆಯನ್ನು ಸದ್ದಿಲ್ಲದೆ ಇಟ್ಟಿರುವ ಲೇಖಕಿಗೆ ನಾನು ಶರಣು.

ಗೆಡ್ ಶಾಲೆಯಲ್ಲಿ ಸಹಪಾಠಿಯ ಮೇಲಿನ ಜಿದ್ದಿಗೆ ಸತ್ತವರನ್ನು ಕರೆಯುವ ಮಂತ್ರ ಹಾಕುತ್ತಾನೆ. ಒಂದು ನೆರಳು ಹೊರಬರುತ್ತದೆ. ಬಾಗಿಲು ಮುಚ್ಚುವುದಕ್ಕೆ ಹಿರಿಯ ಗುರು ತನ್ನ ಶಕ್ತಿಯನ್ನೆಲ್ಲ ಸುರಿದು ಸಾಯುತ್ತಾನೆ. ಉಳಿದ ಪುಸ್ತಕವೆಲ್ಲ ಆ ಬಾಕಿ ತೀರಿಸುವ ಕಥೆ. ಎರಡನೆಯ ಪುಸ್ತಕ 1971ರಲ್ಲಿ, ಮೂರನೆಯದು 1972ರಲ್ಲಿ ಬಂದವು. ಆಮೇಲೆ ಬಹುಕಾಲ ಮೌನ. 1990ರ ‘ತೆಹಾನು’ದಲ್ಲಿ ಲೆ ಗ್ವಿನ್ ತಮ್ಮದೇ ಲೋಕವನ್ನು ಒಬ್ಬ ವಿಧವೆ ರೈತ ಹೆಂಗಸಿನ ಅಡುಗೆಮನೆಯಿಂದ ನೋಡಿದರು. ಮಂತ್ರವಿದ್ಯೆ ಗಂಡಸರಿಗೆ ಮಾತ್ರ ಯಾಕೆ ಎಂದು ಕೇಳಿದರು. ಆ ಪುಸ್ತಕ ಬೇಸರ ಎನ್ನುವವರಿದ್ದಾರೆ. ನನಗೆ ಸರಣಿಯಲ್ಲಿ ಅತ್ಯಂತ ಇಷ್ಟವಾದದ್ದು ಅದೇ. 2001ರಲ್ಲಿ ಇನ್ನೆರಡು ಬಂದು ಸರಣಿ ಆರಕ್ಕೆ ನಿಂತಿತು. ಯುದ್ಧ, ಸೈನ್ಯ, ಕೋಟೆ ಮುತ್ತಿಗೆ ಬೇಕೆನ್ನುವವರು ಅರ್ಥ್‌ಸೀಯಲ್ಲಿ ನಿರಾಶರಾಗುತ್ತಾರೆ, ಮೊದಲೇ ಹೇಳಿದ್ದೇನೆ.

“ಟೋಲ್ಕಿನ್ ಯಾಕಿಲ್ಲ?” ಇದ್ದಾರೆ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954-55ರಲ್ಲಿ ಬಂದಾಗಿನಿಂದ ಈ ಪ್ರಕಾರದವರೆಲ್ಲ ಅದರ ಸಾಲದಲ್ಲಿದ್ದಾರೆ. ಬಳಸಿದವನನ್ನು ತಿನ್ನುವ ಆ ಉಂಗುರಕ್ಕಿಂತ ದುಬಾರಿ ವಸ್ತು ಬೇರೆ ಕಥೆಯಲ್ಲಿಲ್ಲ. ಆದರೆ ಮೊದಲ ನೂರು ಪುಟ ದಾಟಲಾಗದೆ ಸೋತವರನ್ನು ನಾನು ಬಹಳ ನೋಡಿದ್ದೇನೆ. 1937ರ ‘ದಿ ಹಾಬಿಟ್’ ಓದಿ, ಹಿಡಿಸಿದರೆ ಮುಂದಕ್ಕೆ ಹೋಗಿ. ಹ್ಯಾರಿ ಪಾಟರ್ ಬಗ್ಗೆ ನನ್ನ ಶಿಫಾರಸು ಯಾರಿಗೂ ಬೇಕಾಗಿಲ್ಲ. ಒಂದು ಮಾತು ಮಾತ್ರ: ಅಲ್ಲಿ ಖಳನಾಯಕ ತನ್ನ ಪ್ರಾಣವನ್ನು ತುಂಡು ಮಾಡಿ ವಸ್ತುಗಳಲ್ಲಿ ಬಚ್ಚಿಡುವುದನ್ನು ಓದುವಾಗ, ಏಳು ಸಮುದ್ರದಾಚೆಯ ಗಿಳಿಯಲ್ಲಿ ಜೀವ ಇಟ್ಟಿದ್ದ ರಾಕ್ಷಸನ ಕಥೆ ಹೇಳಿದ ಅಜ್ಜಿ ನೆನಪಾಗದಿದ್ದರೆ ನೀವು ಅಜ್ಜಿಯ ಮಾತು ಸರಿಯಾಗಿ ಕೇಳಿಸಿಕೊಂಡಿಲ್ಲ.

ನಗುವುದಕ್ಕೆ ಓದುವವರಿಗೆ ಟೆರಿ ಪ್ರಾಚೆಟ್ ಅವರ ಡಿಸ್ಕ್‌ವರ್ಲ್ಡ್. ಆಮೆಯ ಮೇಲೆ ನಾಲ್ಕು ಆನೆ, ಆನೆಗಳ ಮೇಲೆ ತಟ್ಟೆಯಂಥ ಭೂಮಿ. ಕೂರ್ಮ ಮತ್ತು ದಿಗ್ಗಜಗಳನ್ನು ಬಲ್ಲವರಿಗೆ ಇದರಲ್ಲಿ ವಿವರಿಸುವುದಕ್ಕೇನೂ ಇಲ್ಲ. 1983ರಿಂದ 2015ರವರೆಗೆ 41 ಕಾದಂಬರಿಗಳು. ಸಂಖ್ಯೆ ಕೇಳಿ ಹೆದರಬೇಡಿ, ಬಹುಪಾಲು ಪುಸ್ತಕಗಳು ತಮ್ಮಷ್ಟಕ್ಕೆ ತಾವು ಪೂರ್ಣ. ಮೊದಲನೆಯದರಿಂದ ಮಾತ್ರ ಶುರು ಮಾಡಬೇಡಿ. ಅಲ್ಲಿ ಪ್ರಾಚೆಟ್ ಇನ್ನೂ ಬೇರೆಯವರನ್ನು ಅಣಕಿಸುವುದರಲ್ಲೇ ಇದ್ದರು. 1989ರ ‘ಗಾರ್ಡ್ಸ್! ಗಾರ್ಡ್ಸ್!’ ಹಿಡಿಯಿರಿ.

ಅದರ ಕಥೆ ಹೀಗಿದೆ. ಒಂದು ಗುಪ್ತ ಸಂಘದ ಸಣ್ಣ ಮನಸ್ಸಿನ ಸದಸ್ಯರು ಕದ್ದ ಗ್ರಂಥದ ನೆರವಿನಿಂದ ಡ್ರ್ಯಾಗನ್ ಒಂದನ್ನು ಕರೆಸುತ್ತಾರೆ. ಅದನ್ನು ತಮ್ಮವನೊಬ್ಬನಿಂದ ಕೊಲ್ಲಿಸಿದಂತೆ ನಾಟಕವಾಡಿ ಅವನನ್ನು ರಾಜನನ್ನಾಗಿ ಮಾಡುವುದು ಉಪಾಯ. ಆದರೆ ಡ್ರ್ಯಾಗನ್ ತಾನೇ ಸಿಂಹಾಸನ ಏರಿ ಕೂರುತ್ತದೆ. ಚಿನ್ನ ಕೇಳುತ್ತದೆ, ತಿಂಗಳಿಗೊಬ್ಬ ಕನ್ಯೆಯನ್ನು ಕೇಳುತ್ತದೆ. ಊರಿನ ಗಣ್ಯರು ಸೇರಿ ಚರ್ಚಿಸಿ, ಒಟ್ಟಾರೆ ನೋಡಿದರೆ ಏರ್ಪಾಡು ಅಷ್ಟೇನೂ ಕೆಟ್ಟದ್ದಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ! ಇಲ್ಲಿಗೆ ಬಂದಾಗ ನನಗೆ ಕೈವಾರ ಕಣ್ಣಮುಂದೆ ಬರುತ್ತದೆ. ಚಿಂತಾಮಣಿ ತಾಲ್ಲೂಕಿನ ಈ ಊರನ್ನೇ ಮಹಾಭಾರತದ ಏಕಚಕ್ರಪುರ ಎಂದು ನಮ್ಮ ಕಡೆಯವರು ನಂಬುತ್ತಾರೆ. ಭೀಮಲಿಂಗೇಶ್ವರನ ಗುಡಿಯಿದೆ, ಬಕಾಸುರನನ್ನು ಹೂತ ಬೆಟ್ಟ ಇದೇ ಎಂದು ತೋರಿಸುತ್ತಾರೆ. ಮನೆಗೊಂದು ಸರದಿ, ಒಂದು ಗಾಡಿ ಅನ್ನ, ಜೊತೆಗೊಬ್ಬ ಮನುಷ್ಯ. ಭೀಮನ ಪರಾಕ್ರಮವನ್ನು ನಾವು ಹಾಡಿ ಹೊಗಳುತ್ತೇವೆ. ಭೀಮ ಬರುವ ಮೊದಲು ಆ ಸರದಿಯ ಪಟ್ಟಿಯನ್ನು ಬರೆಯುತ್ತಿದ್ದವನು ಯಾರು, ಅವನು ಸಂಜೆ ಮನೆಗೆ ಹೋಗಿ ಹೇಗೆ ಊಟ ಮಾಡುತ್ತಿದ್ದ ಎಂದು ಕೇಳಿದ್ದು ಪ್ರಾಚೆಟ್. ಅವರ ಭೀಮನೋ, ಕಥೆಯ ಶುರುವಿನಲ್ಲಿ ಕುಡಿದು ಚರಂಡಿಯಲ್ಲಿ ಬಿದ್ದಿರುವ ಪೊಲೀಸ್ ಕ್ಯಾಪ್ಟನ್ ವೈಮ್ಸ್.

ಅಳುವುದಕ್ಕೆ ಓದುವವರೂ ಇದ್ದಾರೆ, ಅವರಿಗೆ ರಾಬಿನ್ ಹಾಬ್ ಅವರ ಫಾರ್‌ಸೀರ್ ತ್ರಿವಳಿ, 1995ರಿಂದ 1997. ರಾಜಕುಮಾರನೊಬ್ಬನಿಗೆ ಮದುವೆಯಾಚೆ ಹುಟ್ಟಿದ ಮಗ ಫಿಟ್ಜ್ ಕುದುರೆಲಾಯದಲ್ಲಿ ಬೆಳೆದು, ರಾಜನ ಗುಪ್ತ ಹಂತಕನಾಗಿ ತರಬೇತಿ ಪಡೆಯುತ್ತಾನೆ. ಅರಮನೆಗೆ ಒಪ್ಪಿಗೆಯಾದ ಮಂತ್ರವಿದ್ಯೆ ಬಳಸಿದವನನ್ನೇ ಹೀರುತ್ತದೆ: ಕರಾವಳಿಯನ್ನು ಕಾಯಲು ಅದನ್ನು ಹಗಲೂ ರಾತ್ರಿ ಬಳಸುವ ವೆರಿಟಿ ಎಂಬ ರಾಜಕುಮಾರ ನಮ್ಮ ಕಣ್ಣೆದುರೇ ಸವೆದುಹೋಗುತ್ತಾನೆ. ಪ್ರಾಣಿಗಳೊಡನೆ ಮನಸ್ಸು ಬೆರೆಸುವ ಇನ್ನೊಂದು ವಿದ್ಯೆ ಫಿಟ್ಜ್‌ಗೆ ಹುಟ್ಟಿನಿಂದ ಬಂದದ್ದು. ಅದು ಹೊರಗೆ ಗೊತ್ತಾದರೆ ಜನ ಕೊಲ್ಲುತ್ತಾರೆ. ನಿಧಾನವಾದ ಬರವಣಿಗೆ. ನಾಯಿ ಸಾಕಿದವರು ಎಚ್ಚರಿಕೆಯಿಂದ ಓದಿ. ಮೂರು ಮುಗಿಸಿದವರು ಅದೇ ಲೋಕದ ಉಳಿದ ಹದಿಮೂರನ್ನೂ ಹುಡುಕಿಕೊಂಡು ಹೋಗುತ್ತಾರೆ.

ಎನ್. ಕೆ. ಜೆಮಿಸಿನ್ ಅವರ ಬ್ರೋಕನ್ ಅರ್ಥ್ ತ್ರಿವಳಿಯನ್ನು ಮೊದಲ ಓದಿಗೆ ಕೊಡುವುದಿಲ್ಲ, ಎರಡನೆಯ ವರ್ಷಕ್ಕೆ ಕೊಡುತ್ತೇನೆ. ಮೂರೂ ಭಾಗಗಳಿಗೆ 2016, 2017, 2018 ಸತತವಾಗಿ, ವೈಜ್ಞಾನಿಕ ಕಥೆ ಮತ್ತು ಫ್ಯಾಂಟಸಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು. ಕಾದಂಬರಿ ವಿಭಾಗದಲ್ಲಿ ಹಾಗೆ ಮೂರು ವರ್ಷ ಬೆನ್ನುಬೆನ್ನಿಗೆ ಗೆದ್ದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಭೂಮಿಯ ಕಂಪನವನ್ನು ಮೈಯಿಂದ ಅರಿತು ಅಡಗಿಸಬಲ್ಲ ಜನ ಅಲ್ಲಿದ್ದಾರೆ. ಊರು ಉಳಿಯುವುದು ಅವರಿಂದ, ಊರು ಹೀನಾಯವಾಗಿ ಕಾಣುವುದೂ ಅವರನ್ನೇ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆ ಸಿಡಿದಾಗ ಮೇಲಿನ ಮನೆಗಳಲ್ಲಿ ಪಾತ್ರೆ ಅಲುಗಾಡುತ್ತಿದ್ದುದನ್ನು ಕಂಡವರು ಅಲ್ಲಿ ಇಂದಿಗೂ ಇದ್ದಾರೆ. ನೆಲ ನಡುಗಿದರೆ ಯಾರ ಮನೆಯವರು ಕೆಳಗಿದ್ದಾರೆ ಎಂದು ಮೊದಲು ಯೋಚಿಸುವ ಜನ ಅವರು. ಈ ಸರಣಿ ಅವರಿಗೆ ಬೇಗ ದಕ್ಕುತ್ತದೆ. ಉಳಿದವರಿಗೆ ಮೊದಲ ಐವತ್ತು ಪುಟ ಕಷ್ಟ: ಒಂದು ಎಳೆಯಲ್ಲಿ ಲೇಖಕಿ ನಾಯಕಿಯನ್ನು ‘ನೀನು’ ಎಂದೇ ಕರೆಯುತ್ತಾ ಹೋಗುತ್ತಾರೆ. ತಾಳ್ಮೆ ಇರಲಿ.

ರಾಬರ್ಟ್ ಜೋರ್ಡನ್ ಅವರ ವೀಲ್ ಆಫ್ ಟೈಮ್? ಹದಿನಾಲ್ಕು ದಪ್ಪ ಸಂಪುಟಗಳು, ಯುಗಚಕ್ರದ ಕಲ್ಪನೆ ನಮಗೆ ಹತ್ತಿರದ್ದು, ಮಂತ್ರ ಬಳಸಿದ ಗಂಡಸರಿಗೆ ಹುಚ್ಚು ಹಿಡಿಯುತ್ತದೆ ಎಂಬ ಬೆಲೆಯೂ ಇದೆ. ಆದರೆ ನಡುವಿನ ಸಂಪುಟಗಳಲ್ಲಿ ಚಕ್ರ ಕೆಸರಿನಲ್ಲಿ ಹೂತುಹೋಗುತ್ತದೆ. ಜೋರ್ಡನ್ 2007ರಲ್ಲಿ ತೀರಿಕೊಂಡ ಮೇಲೆ ಕೊನೆಯ ಮೂರನ್ನು ಅವರ ಟಿಪ್ಪಣಿಗಳ ಆಧಾರದ ಮೇಲೆ ಬ್ರ್ಯಾಂಡನ್ ಸ್ಯಾಂಡರ್ಸನ್ ಮುಗಿಸಿದರು. ಕೊನೆಗೆ ಮುಗಿಯಿತಲ್ಲ, ಅದೇ ಸಮಾಧಾನ. ಜಾರ್ಜ್ ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಸರಣಿಯ ಐದನೆಯ ಸಂಪುಟ 2011ರಲ್ಲಿ ಬಂತು, ಆರನೆಯದಕ್ಕೆ ಲೋಕವೇ ಕಾಯುತ್ತಿದೆ. ಮುಗಿಯದ ಸರಣಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಹೇಳಿದರೆ ಮುಂದಿನ ಭಾಗ ಯಾವಾಗ ಎಂದು ನನ್ನನ್ನೇ ಕೇಳುತ್ತಾರೆ.

ಇಷ್ಟೆಲ್ಲ ಆದ ಮೇಲೆ “ನಮ್ಮಲ್ಲಿ ಇಂಥದ್ದು ಇಲ್ಲವೇ ಮೇಡಂ?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನು ಕಾಯುವುದೂ ಈ ಪ್ರಶ್ನೆಗೇ. ಗುಣಾಢ್ಯನ ಬೃಹತ್ಕಥೆಯ ಐತಿಹ್ಯ ನೋಡಿ. ಪಂದ್ಯವೊಂದರಲ್ಲಿ ಸೋತು, ತಾನು ಬಲ್ಲ ಭಾಷೆಗಳನ್ನೆಲ್ಲ ತೊರೆದು, ಪೈಶಾಚಿಯಲ್ಲಿ ತನ್ನ ರಕ್ತದಿಂದಲೇ ಏಳು ಲಕ್ಷ ಶ್ಲೋಕ ಬರೆದ. ರಾಜ ತಿರಸ್ಕರಿಸಿದ. ಕಾಡಿನ ಪ್ರಾಣಿಗಳಿಗೆ ಒಂದೊಂದೇ ಹಾಳೆ ಓದಿ ಹೇಳಿ ಬೆಂಕಿಗೆ ಹಾಕಿದ. ಉಳಿದದ್ದು ಒಂದು ಲಕ್ಷ. ಮೂಲ ಗ್ರಂಥ ಇಂದು ಇಲ್ಲ, ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಸೋಮದೇವ ಬರೆದ ಕಥಾಸರಿತ್ಸಾಗರ ಇದೆ. ಚಂದಮಾಮ ಓದಿದವರಿಗೆ ಗೊತ್ತಿರುವ ಬೇತಾಳ ಅದರೊಳಗೇ ಕೂತಿದ್ದಾನೆ. ವಿದ್ಯಾಧರರು, ಯಕ್ಷರು, ಕಥೆಯೊಳಗೆ ಕಥೆ: ಸರಣಿ ಎಂದರೆ ಇದು.

ಕೋಲಾರಕ್ಕೂ ಬೃಹತ್ಕಥೆಗೂ ನಂಟಿದೆ. ಕೋಲಾರದಿಂದ ಆಳ್ವಿಕೆ ಆರಂಭಿಸಿದ ಗಂಗರು ತಮ್ಮನ್ನು ಕುವಲಾಲಪುರವರಾಧೀಶ್ವರ, ನಂದಗಿರಿನಾಥ ಎಂದು ಕರೆದುಕೊಂಡವರು. ಆ ನಂದಗಿರಿ ನಮ್ಮ ನಂದಿಬೆಟ್ಟವೇ. ಅವರ ವಂಶದ ದುರ್ವಿನೀತ ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದನೆಂದು ಶ್ರೀನಿವಾಸಪುರ ತಾಲ್ಲೂಕಿನ ಗುಮ್ಮರೆಡ್ಡಿಪುರದ ತಾಮ್ರಶಾಸನ ಹೇಳುತ್ತದೆ. ಅವನ ಅನುವಾದ ಉಳಿದಿಲ್ಲ. ಉಳಿದಿದ್ದರೆ ನನ್ನ ಪಟ್ಟಿಯ ಮೊದಲ ಹೆಸರು ಬದಲಾಗುತ್ತಿತ್ತೇನೋ.

ಇಂಗ್ಲಿಷ್ ಭಯ ಇರುವವರು ಆಡಿಯೋ ಪುಸ್ತಕ ಕೇಳುತ್ತಾ ಪುಟ ನೋಡಿ, ನಾಲ್ಕನೆಯ ಅಧ್ಯಾಯದ ಹೊತ್ತಿಗೆ ಭಯ ತಾನಾಗಿ ಹೋಗುತ್ತದೆ. ಪೂರ್ತಿ ಸೆಟ್ ಒಟ್ಟಿಗೆ ಕೊಳ್ಳಬೇಡಿ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಹಳೆಯ ಪುಸ್ತಕದಂಗಡಿಗಳಲ್ಲಿ ಮೊದಲ ಭಾಗ ಹುಡುಕಿ.

ಮಗಳಿಗೆ ಯಾವುದು ಕೊಡಲಿ ಎಂದು ಕೇಳುವ ಅಮ್ಮಂದಿರಿಗೆ ನನ್ನ ಬಳಿ ಉತ್ತರ ಒಂದೇ. ಪ್ರಾಚೆಟ್ ಅವರದೇ ‘ದಿ ವೀ ಫ್ರೀ ಮೆನ್’, 2003. ಕುರಿ ಸಾಕುವ ಮನೆಯ ಒಂಬತ್ತು ವರ್ಷದ ಟಿಫನಿ, ಹೊಳೆಯಿಂದ ಏಳುವ ಪಿಶಾಚಿಯನ್ನು ಹಿಡಿಯಲು ತಮ್ಮನನ್ನೇ ಎರೆಯಾಗಿ ದಡದಲ್ಲಿ ಕೂರಿಸಿ, ಅದು ಮೇಲೆ ಬಂದ ಕೂಡಲೇ ಬಾಣಲೆಯಿಂದ ಬಾರಿಸುತ್ತಾಳೆ. ಐದು ಪುಸ್ತಕಗಳಿವೆ. ಮಗಳು ಮೊದಲನೆಯದನ್ನು ಮುಗಿಸುವುದರೊಳಗೆ ಎರಡನೆಯದನ್ನು ತಂದಿಟ್ಟುಕೊಳ್ಳಿ, ಮನೆಯಲ್ಲಿ ತಮ್ಮನಿದ್ದರೆ ಬಾಣಲೆಯನ್ನು ಎತ್ತರದಲ್ಲಿಡಿ.