ಕಿತ್ತಳೆ ಬಣ್ಣದವಳು

23 ಜೂನ್ 2024, ಭಾನುವಾರ ರಾತ್ರಿ

ಪುಟ್ಟಿ ಮಲಗಿದ್ದಾಳೆ. ಅಮ್ಮನ ಕೋಣೆಯ ದೀಪ ಇನ್ನೂ ಆರಿಲ್ಲ.

ಮಧ್ಯಾಹ್ನ ಮೂವರೂ ‘ಇನ್‌ಸೈಡ್ ಔಟ್ 2’ ಕಾರ್ಟೂನ್ ಚಿತ್ರ ನೋಡಿ ಬಂದೆವು. ರೈಲಿ ಎಂಬ ಹುಡುಗಿಯ ತಲೆಯೊಳಗಿನ ಭಾವನೆಗಳೇ ಅದರ ಪಾತ್ರಗಳು. 2015ರಲ್ಲಿ ಮೊದಲ ಭಾಗ ಬಂದಾಗ ರೈಲಿಗೆ ಹನ್ನೊಂದು, ಪುಟ್ಟಿಗೆ ನಾಲ್ಕು. ಈ ಒಂಬತ್ತು ವರ್ಷಗಳಲ್ಲಿ ರೈಲಿ ಎರಡೇ ವರ್ಷ ಬೆಳೆದಿದ್ದಾಳೆ. ನನ್ನ ಮಗಳು ಓಡೋಡಿ ಅವಳ ವಯಸ್ಸನ್ನು ಹಿಡಿದುಬಿಟ್ಟಿದ್ದಾಳೆ.

ಅಮ್ಮನಿಗೆ ಇಂಗ್ಲಿಷ್ ಬಾರದು. ಪುಟ್ಟಿ ಅಜ್ಜಿಯ ಕಿವಿಯಲ್ಲಿ ಹೇಳುತ್ತಾ ಹೋದಳು: ಹಳದಿಯವಳು ಸಂತೋಷ, ನೀಲಿಯವಳು ದುಃಖ, ಕೆಂಪಗಿರುವವನು ಕೋಪ. ಹೊಸದಾಗಿ ಬಂದವರಲ್ಲಿ ಅಸೂಯೆ, ಮುಜುಗರ, ಬೇಸರ ಮೂರಕ್ಕೂ ಸಲೀಸಾಗಿ ಹೆಸರು ಸಿಕ್ಕಿತು. ಕಿತ್ತಳೆ ಬಣ್ಣದ ಆಂಗ್ಸೈಟಿಯ ಬಳಿ ತಡವರಿಸಿದಳು. ನಾನು ‘ಆತಂಕ’ ಎಂದೆ. ಅಮ್ಮ ತೆರೆಯಿಂದ ಕಣ್ಣು ತೆಗೆಯದೆ, “ಅದು ತಳಮಳ ಕಣೇ” ಎಂದಳು.

ಹೌದು, ತಳಮಳ. ಆತಂಕ ಪತ್ರಿಕೆಯ ತಲೆಬರಹದಲ್ಲಿರುತ್ತದೆ, ತಳಮಳ ಹೊಟ್ಟೆಯೊಳಗಿರುತ್ತದೆ.

ಹಾಕಿ ಶಿಬಿರಕ್ಕೆ ಹೊರಟ ರೈಲಿಗೆ, ತನ್ನ ಇಬ್ಬರು ಜೀವದ ಗೆಳತಿಯರು ಬೇರೆ ಶಾಲೆ ಸೇರುತ್ತಾರೆಂಬುದು ದಾರಿಯಲ್ಲಿ ತಿಳಿಯುತ್ತದೆ. ನಮ್ಮ ಮನೆಯಲ್ಲಿ ಅದು ಈ ತಿಂಗಳ ಮೊದಲ ವಾರವೇ ನಡೆದುಹೋಯಿತು. ಅಂದು ಪುಟ್ಟಿ ಏನೂ ಹೇಳಲಿಲ್ಲ, ಅರ್ಧ ಚಪಾತಿ ಬಿಟ್ಟೆದ್ದಳು. ಇನ್ನು ಊಟದ ಬಿಡುವಿನಲ್ಲಿ ಯಾರ ಪಕ್ಕ ಕೂರುತ್ತಾಳೆ, ಬಸ್ಸಿನಲ್ಲಿ ಯಾರಿರುತ್ತಾರೆ ಎಂದು ನಾನು ಎಷ್ಟು ರಾತ್ರಿ ನಿದ್ದೆಗೆಟ್ಟೆನೋ. ಚಿತ್ರದಲ್ಲಿ ತಳಮಳ, ರೈಲಿಯ ಕಲ್ಪನಾಲೋಕದ ಚಿತ್ರಕಾರರನ್ನೆಲ್ಲ ರಾತ್ರಿ ಕೂರಿಸಿ, ನಾಳೆ ಏನೇನು ಕೆಡಬಹುದೋ ಅದನ್ನಷ್ಟೇ ಬರೆಸುತ್ತಾಳೆ. ನನ್ನ ತಲೆಯೊಳಗೆ ಎರಡು ಗಂಟೆಗೆ ನಡೆಯುವುದನ್ನು ಯಾರೋ ಕದ್ದು ನೋಡಿದ ಹಾಗಿತ್ತು.

ಕೊನೆಯ ಪಂದ್ಯದಲ್ಲಿ ರೈಲಿ ಗೆಳತಿಗೇ ಡಿಕ್ಕಿ ಹೊಡೆದು, ಶಿಕ್ಷೆಯಾಗಿ ಎರಡು ನಿಮಿಷ ಹೊರಗೆ ಕೂರಬೇಕಾಗುತ್ತದೆ. ಅಲ್ಲಿ ಅವಳಿಗೆ ಉಸಿರು ಸಿಗುವುದಿಲ್ಲ. ಒಳಗೆ ತಳಮಳ ಸುಂಟರಗಾಳಿಯಂತೆ ತಿರುಗುತ್ತಿದ್ದಾಳೆ, ಅದರ ನಡುವೆ ಕಲ್ಲಿನಂತೆ ನಿಂತೂ ಇದ್ದಾಳೆ, ಕಣ್ಣಲ್ಲಿ ನೀರು. ಪುಟ್ಟಿ ಅರ್ಥ ಹೇಳುವುದನ್ನು ನಿಲ್ಲಿಸಿದಳು. ಅಜ್ಜಿಯೂ ಕೇಳಲಿಲ್ಲ.

ನಿರ್ದೇಶಕ ಕೆಲ್ಸಿ ಮ್ಯಾನ್ ಈ ತಳಮಳವನ್ನು ದುಷ್ಟಳನ್ನಾಗಿ ಮಾಡಲಿಲ್ಲ. ಅದಕ್ಕೇ ಈ ಚಿತ್ರ ನನಗೆ ಮೊದಲನೆಯದಕ್ಕಿಂತ ಹತ್ತಿರವಾಯಿತು. ಅವಳು ಮಾಡಿದ್ದೆಲ್ಲ ರೈಲಿಯನ್ನು ಕಾಪಾಡಲೆಂದು. ಕೊನೆಗೆ ಯಾರೂ ಅವಳನ್ನು ಹೊರದಬ್ಬುವುದಿಲ್ಲ. ಒರಗುಕುರ್ಚಿಯಲ್ಲಿ ಕೂರಿಸಿ, ಕೈಗೆ ಚಹಾ ಕೊಡುತ್ತಾರೆ.

ಸಂಜೆ ಕಾಫಿ ಕುಡಿಯುವಾಗ ಅಮ್ಮ ಕೇಳಿದಳು: “ಮೊದಲಲ್ಲಿ ಒಂದು ಕೆಂಪು ಗಂಟೆ ಬಡಿದುಕೊಂಡಿತಲ್ಲ, ಆಮೇಲೆ ಎಲ್ಲವನ್ನೂ ಒಡೆಯಲು ಕೆಲಸದವರು ಬಂದರಲ್ಲ, ಅದೇನು?”

“ಮೈನೆರೆಯುವ ವಯಸ್ಸು ಬಂತು ಎಂದು, ಅಮ್ಮ.”

ಲೋಟ ಕೆಳಗಿಟ್ಟಳು. “ನಮಗೆ ಕೊಬ್ಬರಿ ಬೆಲ್ಲ ಕೊಟ್ಟರು, ಚಿಗಳಿ ಕೊಟ್ಟರು, ಆರತಿ ಎತ್ತಿದರು. ಒಳಗೆ ಹೀಗೆಲ್ಲ ಒಡೆದು ಕಟ್ಟುತ್ತಾರೆ ಎಂದು ಯಾರೂ ಹೇಳಲಿಲ್ಲ. ಮುಂದಿನ ತಿಂಗಳು ಶಾಲೆ ಬಿಡಿಸಿದರು. ದಿನವೂ ಹತ್ತು ಗಂಟೆಗೆ ಶಾಲೆಯ ಗಂಟೆ ಹಿತ್ತಲಿಗೆ ಕೇಳಿಸುತ್ತಿತ್ತು. ಆಗ ಹೊಟ್ಟೆಯಲ್ಲಿ ಹಾಗೆಯೇ ಆಗುತ್ತಿತ್ತು, ಆ ಹುಡುಗಿಗೆ ಆದ ಹಾಗೆ. ಎಲ್ಲರೂ ದೃಷ್ಟಿ ತಾಗಿದೆ ಎಂದರು. ನಿವಾಳಿಸಿ ಹಾಕಿದರು.”

ನಲವತ್ತೆರಡು ವರ್ಷ ಅವಳ ಮಗಳಾಗಿದ್ದೇನೆ. ಶಾಲೆ ಬಿಟ್ಟದ್ದು ಗೊತ್ತಿತ್ತು. ಆ ಗಂಟೆಯ ವಿಷಯ ಇವತ್ತೇ ಕೇಳಿದ್ದು.

ಬಾಗಿಲಲ್ಲಿ ನಿಂತಿದ್ದ ಪುಟ್ಟಿ ಬಂದು ಅಜ್ಜಿಯ ಪಕ್ಕ ಕೂತಳು. “ನನಗೂ ಶಾಲೆಯಲ್ಲಿ ಹಾಗೆ ಆಗುತ್ತದೆ ಅಜ್ಜಿ, ಊಟದ ಗಂಟೆ ಹೊಡೆದಾಗ.” ನನಗೆ ಹೇಳದ ಮಾತು. ಹದಿನೈದು ದಿನಗಳಿಂದ ನಾನು ಸುತ್ತಿ ಬಳಸಿ ಕೇಳುತ್ತಿದ್ದ ಮಾತು. ಅಮ್ಮ ಏನೂ ಉಪದೇಶ ಮಾಡಲಿಲ್ಲ, “ಆಗ ಎಲ್ಲಿ ಕೂರುತ್ತೀಯ?” ಎಂದಷ್ಟೇ ಕೇಳಿದಳು. ಗ್ರಂಥಾಲಯದ ಮೆಟ್ಟಿಲ ಮೇಲಂತೆ. ಅಲ್ಲಿ ಇನ್ನೊಬ್ಬ ಹುಡುಗಿಯೂ ಕೂರುತ್ತಾಳಂತೆ, ಹೆಸರು ಕೇಳಿಲ್ಲವಂತೆ.

ನಾಳೆ ಡಬ್ಬಿಗೆ ಚಿತ್ರಾನ್ನ, ಇಬ್ಬರಿಗಾಗುವಷ್ಟು.

ದೀಪ ಇನ್ನೂ ಉರಿಯುತ್ತಿದೆ. ಹೋಗಿ ಕೇಳಲೇ? ಆ ಗಂಟೆ ಹೊಡೆದಾಗ ಹಿತ್ತಲಲ್ಲಿ ಅವಳ ಜೊತೆಗೆ ಯಾರಾದರೂ